ಲೇಹ್ಯ ಕೊಡಿಸಿದ ಜಾಗ

ಈಚೆಗೆ ನಮ್ಮ ಕಡೆ ಎಲ್ಲರಿಗೂ ಹೊಸದಾಗಿ ಅಜ್ಜಿಯರು ಹುಟ್ಟಿಕೊಳ್ಳುತ್ತಿದ್ದಾರೆ. ಜಯನಗರದ ಯಾವ ಅಂಗಡಿಗೆ ಹೋದರೂ ಗಾಜಿನ ಬಾಟಲಿಯ ಮೇಲೆ ಒಬ್ಬ ಅಜ್ಜಿ ನಗುತ್ತಿರುತ್ತಾಳೆ. ಮೂಗಿನಲ್ಲಿ ಮೂಗುತಿ, ಕೈಯಲ್ಲಿ ಕುಟ್ಟಾಣಿ, ಬೆನ್ನ ಹಿಂದೆ ಬಾರ್‌ಕೋಡು. ನೆಗಡಿಗೊಬ್ಬ ಅಜ್ಜಿ, ಕೂದಲು ಉದುರುವುದಕ್ಕೊಬ್ಬ ಅಜ್ಜಿ, ಬೆಳಗಿನ ಹೊತ್ತು ಹೊಟ್ಟೆ ಸರಿಹೋಗುವುದಕ್ಕೆ ಇನ್ನೊಬ್ಬಳು. ಇವರೆಲ್ಲ ಬದುಕಿದ್ದಾಗ ಇವರ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಂಡಿರಲಾರರು ಎಂಬುದು ನನ್ನ ಗುಮಾನಿ. ನನ್ನ ಸ್ವಂತ ಅಜ್ಜಿಯ ಮಾತನ್ನೇ ಹೇಳುವುದಾದರೆ, ತಲೆನೋವು ಬಂದರೆ ಅವಳು ಮೂಲೆ ಅಂಗಡಿಯಿಂದ ಒಂದು ಮಾತ್ರೆ ತರಿಸಿ, ಅದನ್ನು ಗಟ್ಟಿ ಕಾಫಿಯ ಜೊತೆ ನುಂಗಿ, ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಗಿಡಮೂಲಿಕೆಯ ಬಗ್ಗೆ ಅವಳು ಉಪದೇಶ ಮಾಡಿದ್ದು ನನಗೆ ನೆನಪಿಲ್ಲ. ನನಗೆ ನೆನಪಿಲ್ಲ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ ಬಿಡಿ. ನನಗೆ ನೆನಪಿದೆ ಎಂಬುದು ಅದಕ್ಕಿಂತ ಕಡಿಮೆ ಸಾಕ್ಷಿ ಎಂದು ಈ ಚಳಿಗಾಲದಲ್ಲಿ ನನಗೆ ಗೊತ್ತಾಯಿತು.

ನಾನು ಮೂವತ್ತನಾಲ್ಕು ವರ್ಷ ಒಂದು ಅಚ್ಚುಮನೆಯಲ್ಲಿ ಕರಡು ತಿದ್ದುವ ಕೆಲಸ ಮಾಡಿದವನು. ಹೆಚ್ಚಾಗಿ ಪಠ್ಯಪುಸ್ತಕ, ನಡುನಡುವೆ ಮದುವೆಯ ಕರೆಯೋಲೆ. ಇನ್ನೊಬ್ಬರ ತಪ್ಪನ್ನು ಕೆಂಪು ಶಾಯಿಯಲ್ಲಿ ಸುತ್ತುಹಾಕಿ ಸಂಬಳ ತೆಗೆದುಕೊಂಡವನಿಗೆ ಒಂದು ದೊಡ್ಡ ಕಾಯಿಲೆ ಅಂಟುತ್ತದೆ. ತನ್ನ ತಲೆಯಲ್ಲಿರುವುದೆಲ್ಲ ತಿದ್ದಿ ಮುಗಿಸಿದ ಪ್ರತಿ ಎಂದು ಅವನು ನಂಬಿಬಿಡುತ್ತಾನೆ. ಹೋದ ಜೂನ್‌ನಲ್ಲಿ ನಿವೃತ್ತನಾದೆ. ಹೆಂಡತಿ ಸುಧಾ ಬನಶಂಕರಿಯ ಶಾಲೆಯೊಂದರಲ್ಲಿ ಇನ್ನೂ ಗಣಿತ ಹೇಳುತ್ತಾಳೆ. ಅವಳು ಎಂಟೂವರೆಗೆ ಹೊರಟರೆ ಮನೆಯಲ್ಲಿ ನಾನು ಮತ್ತು ಫ್ರಿಡ್ಜು. ಅದು ಆಗಾಗ ಗುರ್ರೆಂದು ತಾನು ಕೆಲಸದಲ್ಲಿದ್ದೇನೆ ಎಂದು ತೋರಿಸಿಕೊಳ್ಳುತ್ತಿತ್ತು. ನನಗೆ ಅಷ್ಟೂ ಸಾಧ್ಯವಿರಲಿಲ್ಲ. ಹಾಗಾಗಿ ಎಲ್ಲ ನಿವೃತ್ತರಂತೆ ನಾನೂ ಬೆಳಗಿನ ವಾಕಿಂಗ್ ಹಿಡಿದೆ.

ಯಡಿಯೂರು ಕೆರೆಯ ಸುತ್ತ ನಡೆಯುವವರಲ್ಲಿ ಎರಡು ಜಾತಿ. ನಡೆಯಲಿಕ್ಕೆ ಬರುವವರು ಒಂದು, ಕೂರಲಿಕ್ಕೆ ಬರುವವರು ಇನ್ನೊಂದು. ನಾನು ಎರಡನೆಯ ಜಾತಿಗೆ ಸೇರಬೇಕೆಂದು ಆಸೆಪಟ್ಟೆ. ಕೆರೆಯ ದಂಡೆಯಲ್ಲಿ ಒಂದು ಹೊಂಗೆ ಮರ, ಅದರ ಕೆಳಗೊಂದು ಕಲ್ಲುಬೆಂಚು. ಅದರ ಮೇಲೆ ಮೂವರು. ಮೊದಲನೆಯವರು ನಂಜುಂಡಪ್ಪ. ಯಡಿಯೂರಿನ ಹಳೇ ಕುಳ. ಅವರಪ್ಪ ರಾಗಿ ಬೆಳೆದ ಜಾಗದಲ್ಲಿ ಇವರು ಬಾಡಿಗೆದಾರರನ್ನು ಬೆಳೆಯುತ್ತಾರೆ. ಎದುರಿಗೆ ಯಾವ ಕಟ್ಟಡ ತೋರಿಸಿದರೂ ‘ಅಲ್ಲಿ ನಮ್ಮ ಹಸು ಮೇಯ್ತಿತ್ತು’ ಎನ್ನುತ್ತಾರೆ. ಅವರು ಹೇಳಿದ್ದನ್ನೆಲ್ಲ ಕೂಡಿಸಿದರೆ ಆ ಹಸು ಬೇಗೂರಿನವರೆಗೆ ಮೇಯುತ್ತಿದ್ದಿರಬೇಕು. ಎರಡನೆಯವರು ರುದ್ರೇಶಪ್ಪ. ದಾವಣಗೆರೆ ಕಡೆಯಿಂದ ಬಂದು ಜವಳಿ ಅಂಗಡಿ ಇಟ್ಟು, ಈಗ ಅದನ್ನು ಮಗನಿಗೆ ಬಿಟ್ಟುಕೊಟ್ಟು, ದಿನಕ್ಕೆ ಆರು ಸಲ ಫೋನ್ ಮಾಡಿ ಮಗನನ್ನು ಅಂಗಡಿ ನಡೆಸಲು ಬಿಡದವರು. ಮೂರನೆಯವರು ಶ್ರೀಪಾದ ರಾವ್. ಇವರು ಮಾತಾಡುವುದಿಲ್ಲ. ಕೈಗಡಿಯಾರ ಅವರ ಹೆಜ್ಜೆ, ನಾಡಿ, ನಿದ್ದೆ ಎಲ್ಲವನ್ನೂ ಎಣಿಸುತ್ತದೆ. ಯಾರಾದರೂ ‘ಹೇಗಿದೀರಿ ಸಾರ್’ ಎಂದರೆ ಸುಮ್ಮನೆ ಮಣಿಕಟ್ಟು ಮುಂದೆ ಹಿಡಿಯುತ್ತಾರೆ.

ಆ ಬೆಂಚು ಮೂವರಿಗೆ ಆರಾಮಾಗಿತ್ತು. ನಾಲ್ಕನೆಯವನು ಕೂರಬೇಕಾದರೆ ಮೂವರೂ ಸ್ವಲ್ಪ ಸ್ವಲ್ಪ ಸರಿಯಬೇಕು. ಸರಿಯುವುದಕ್ಕೆ ಏನಾದರೊಂದು ಕಾರಣ ಬೇಕು. ಆರು ತಿಂಗಳು ನಾನು ಅವರ ಮುಂದೆ ನಿಂತೇ ಮಾತಾಡಿದೆ, ಬಾಡಿಗೆಗೆ ಮನೆ ಕೇಳಲು ಬಂದವನ ಹಾಗೆ. ನನ್ನಲ್ಲಿ ಕೊಡುವಂಥದ್ದೇನೂ ಇರಲಿಲ್ಲ. ಅಲ್ಪವಿರಾಮ ಎಲ್ಲಿ ಹಾಕಬೇಕು ಎಂಬ ಜ್ಞಾನಕ್ಕೆ ಕೆರೆದಂಡೆಯಲ್ಲಿ ಗಿರಾಕಿಗಳಿಲ್ಲ. ಕಚೇರಿಯಲ್ಲಿ ನನಗೊಂದು ಕುರ್ಚಿಯಿತ್ತು, ಅದರ ಬೆನ್ನಿಗೆ ನನ್ನ ಹೆಸರಿನ ಟವೆಲ್ಲಿತ್ತು. ಅದನ್ನು ಬಿಟ್ಟು ಬಂದಮೇಲೆ, ‘ಬನ್ನಿ, ಕೂತ್ಕೊಳ್ಳಿ’ ಎಂದು ಯಾರಾದರೂ ಅನ್ನಬೇಕೆಂಬ ಆಸೆ ಎಷ್ಟು ಬಲವಾಗಿತ್ತೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದಂತವೈದ್ಯರು ಹಾಗೆಂದಾಗಲೂ ಒಂದು ಕ್ಷಣ ಸಂತೋಷವಾಗಿತ್ತು.

ಡಿಸೆಂಬರ್ ಮೊದಲ ವಾರ ಚಳಿ ಬಿತ್ತು. ಬೆಂಗಳೂರಿಗರು ಚಳಿಯೆಂದು ಕರೆಯುವ ಇದನ್ನು ಉತ್ತರದವರು ನೋಡಿದರೆ ನಕ್ಕಾರು. ಆದರೂ ಮೂವರೂ ಮಂಕಿ ಕ್ಯಾಪಿನೊಳಗೆ ಸೇರಿ, ಕಿವಿಗೆ ಹತ್ತಿ ತುರುಕಿಕೊಂಡು ಸರದಿಯ ಮೇಲೆ ಕೆಮ್ಮುತ್ತಿದ್ದರು. ರುದ್ರೇಶಪ್ಪ ಜೇಬಿನಿಂದ ಒಂದು ಅಜ್ಜಿ ಬಾಟಲಿ ತೆಗೆದು, “ಬರೀ ಸಕ್ಕರೆ ಪಾಕ ಸಾರ್ ಇದು. ಅಜ್ಜೀನೂ ಇಲ್ಲ, ಗಿಜ್ಜೀನೂ ಇಲ್ಲ” ಎಂದರು. ಆಗ ನನ್ನ ಬಾಯಿಂದ ಒಂದು ಮಾತು ಬಂತು. ಎಲ್ಲಿಂದ ಬಂತೋ ಗೊತ್ತಿಲ್ಲ, ಬಂದಾಗ ಮಾತ್ರ ಪೂರ್ತಿ ತಿದ್ದಿದ ವಾಕ್ಯವಾಗಿಯೇ ಬಂತು.

“ನಮ್ಮಜ್ಜಿ ಚಳಿಗಾಲ ಬಂತು ಅಂದ್ರೆ ಒಂದು ಲೇಹ್ಯ ಮಾಡ್ತಿದ್ರು. ಅದನ್ನ ತಿಂದೋರಿಗೆ ಕೆಮ್ಮು ಅಂದ್ರೇನು ಅಂತಾನೇ ಗೊತ್ತಿರ್ತಿರಲಿಲ್ಲ.”

ಮೂರೂ ಮಂಕಿ ಕ್ಯಾಪುಗಳು ನನ್ನ ಕಡೆ ತಿರುಗಿದವು. ನಂಜುಂಡಪ್ಪ ಕೇಳಿದರು, “ನಿಮಗೆ ಮಾಡೋಕೆ ಬರತ್ತಾ ಸ್ವಾಮಿ?”

“ಬರತ್ತೆ” ಎಂದೆ.

“ಅಯ್ಯೋ, ನಿಂತೇ ಇದೀರಲ್ಲ. ಕೂತ್ಕೊಳ್ಳಿ” ಎಂದು ಅವರು ಸರಿದರು. ಅವರು ಸರಿದದ್ದಕ್ಕೆ ರುದ್ರೇಶಪ್ಪ ಸರಿದರು, ಶ್ರೀಪಾದ ರಾಯರು ಅಂಚಿಗೆ ಹೋದರು. ನಾನು ಕೂತೆ. ಕಲ್ಲು ತಣ್ಣಗಿತ್ತು. ಅಷ್ಟು ಸುಖವಾದ ತಣ್ಣನೆಯನ್ನು ನಾನು ಕಂಡಿರಲಿಲ್ಲ.

ಮನೆಗೆ ಬಂದಮೇಲೆ ಆ ಲೇಹ್ಯದ ವಿಷಯ ನನಗೆ ನಿಜವಾಗಿ ಏನು ಗೊತ್ತಿದೆ ಎಂದು ಲೆಕ್ಕ ಹಾಕಿದೆ. ಆಗ ನಾವಿದ್ದದ್ದು ವಿಲ್ಸನ್ ಗಾರ್ಡನ್ನಿನ ಒಂದು ವಠಾರದಲ್ಲಿ. ನನಗೆ ಐದೋ ಆರೋ ವರ್ಷ. ಚಳಿಯ ಬೆಳಗ್ಗೆ, ನಡುಮನೆಯ ಕತ್ತಲಲ್ಲಿ ಒಂದು ಪಿಂಗಾಣಿ ಜಾಡಿ. ನಾನು ಬೆಕ್ಕಿನ ಹಾಗೆ ಹೋಗಿ, ಮುಚ್ಚಳ ಎತ್ತಿ, ಬೆರಳದ್ದಿ ನೆಕ್ಕುತ್ತಿದ್ದೆ. ಕಪ್ಪು ಬಣ್ಣ, ಗಂಟಲಿಗಿಳಿಯುವ ಖಾರ, ಹಿಂದಿನಿಂದ ಬೆಲ್ಲ, ಮೇಲೆ ತುಪ್ಪ. ಒಂದು ದಿನ ಸಿಕ್ಕಿಬಿದ್ದು ಅಜ್ಜಿಯ ಕೈಯಲ್ಲಿ ಏಟು ತಿಂದೆ. ಇದಿಷ್ಟು ಅಚ್ಚು ಹಾಕಿದ ಹಾಗಿದೆ. ಈ ಸಾಲುಗಳನ್ನು ನಿನ್ನೆ ಬರೆದೆ. ಇವತ್ತು ಓದಿದರೆ ಆ ‘ನಡುಮನೆಯ ಕತ್ತಲು’ ಮತ್ತು ‘ಬೆಕ್ಕಿನ ಹಾಗೆ’ ಎರಡೂ ಅನುಮಾನಕ್ಕೆ ಕಾರಣವಾಗಿವೆ. ಆ ವಠಾರದ ಮನೆಗೆ ನಡುಮನೆಯೇ ಇರಲಿಲ್ಲ, ಇದ್ದದ್ದು ಒಂದೇ ಕೋಣೆ ಮತ್ತು ಅಡುಗೆಮನೆ. ಇನ್ನು ಬೆಕ್ಕು, ಅದು ನಾನು ತಿದ್ದಿದ ಯಾವುದೋ ಮೂರನೇ ತರಗತಿಯ ಪಾಠದಿಂದ ನುಸುಳಿ ಬಂದಿರಬೇಕು. ಆದರೆ ನಾಲಗೆಯ ಮೇಲಿನ ಆ ಖಾರ ನಿಜ ಎಂದು ಆಣೆ ಮಾಡಬಲ್ಲೆ. ಆಗ ಹಾಗೆಂದುಕೊಂಡಿದ್ದೆ.

ಅಕ್ಕನಿಗೊಂದು ಫೋನ್ ಮಾಡಿದ್ದರೆ ವಿಷಯ ಅಲ್ಲೇ ಇತ್ಯರ್ಥವಾಗುತ್ತಿತ್ತು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಈಗಲೂ ವಿಲ್ಸನ್ ಗಾರ್ಡನ್ನಿನಲ್ಲೇ ಇದ್ದಾಳೆ. ಮಾಡಲಿಲ್ಲ. ಅಜ್ಜಿಯ ವಿದ್ಯೆ ನೇರವಾಗಿ ನನಗೇ ಬಂತು ಎಂದು ಬೆಂಚಿನ ಮುಂದೆ ಸೂಚಿಸಿ ಆಗಿತ್ತು. ನಡುವೆ ಅಕ್ಕ ಬಂದರೆ ಆ ಸಾಲು ಕೆಡುತ್ತದೆ. ಬದಲಿಗೆ ಜಯನಗರದ ಮಾರುಕಟ್ಟೆಯ ಹಿಂದಿನ ಬೀದಿಯ ಗ್ರಂದಿಗೆ ಅಂಗಡಿಗೆ ಹೋದೆ. ಬೇರು, ನಾರು, ಅರಿಸಿನ, ಕುಂಕುಮ, ಹೋಮದ ಸಮಿತ್ತು ಎಲ್ಲ ಸಿಗುವ ಅಂಗಡಿ. ಕನ್ನಡಕದ ಮಧ್ಯವಯಸ್ಸಿನ ಮಾಲೀಕ ಗೋಣಿಚೀಲಗಳ ನಡುವೆ ಕೂತಿದ್ದ. ಲೇಹ್ಯದ ಬಣ್ಣ, ಖಾರ, ತೇಲುವ ತುಪ್ಪ, ಹಲ್ಲಿಗೆ ಸಿಗುವ ಹುರಿದ ಅಂಟಿನ ಚೂರು, ಎಲ್ಲವನ್ನೂ ಬಣ್ಣಿಸಿದೆ. “ಚಳಿ ಶುರುವಾಯ್ತಲ್ಲ, ಮೈಗೆ ಬಲ ಬರಬೇಕು” ಎಂದೂ ಸೇರಿಸಿದೆ. ಅವನು ಅರ್ಧದಲ್ಲೇ ತಲೆಯಾಡಿಸಿದ.

“ಗೊತ್ತಾಯ್ತು ಬಿಡಿ ಸಾರ್. ಪೂರ್ತಿ ಸಾಮಾನು ಕಟ್ಕೊಡ್ತೀನಿ. ಮನೇಲೆಲ್ಲ ಆರಾಮಾ?”

“ಆರಾಮು.”

“ಎಷ್ಟು ದಿನ ಆಯ್ತು?”

ಬುಧವಾರ ಹನ್ನೊಂದು ಗಂಟೆಗೆ ಚೀಲ ಹಿಡಿದು ಬಂದವನನ್ನು ನೋಡಿ ಇವನು ನಿವೃತ್ತ ಎಂದು ಊಹಿಸಿದ್ದಾನೆ, ಚುರುಕು ಮನುಷ್ಯ ಎಂದುಕೊಂಡೆ. “ಆರು ತಿಂಗಳಾಯ್ತು” ಎಂದೆ.

ಅವನ ಕೈ ತಕ್ಕಡಿಯ ಮೇಲೆ ನಿಂತಿತು. “ಆರು ತಿಂಗಳಾ? ಮೊದಲನೇ ತಿಂಗಳೇ ಶುರು ಮಾಡ್ಬೇಕಿತ್ತಲ್ಲ ಸಾರ್.”

“ನಮಗೆ ಯಾರೂ ಹೇಳ್ಲಿಲ್ಲ” ಎಂದೆ. ನಿಜವಾದ ನೋವಿನಿಂದಲೇ ಹೇಳಿದೆ.

“ಪರವಾಗಿಲ್ಲ, ಈಗ್ಲಾದ್ರೂ ಕೊಡಿ. ಹಸಿವಾಗತ್ತೆ, ಸೊಂಟ ಗಟ್ಟಿಯಾಗತ್ತೆ. ತಣ್ಣೀರು ಮುಟ್ಟೋದು ಬೇಡ. ಕಿವಿ ಮುಚ್ಚೋ ಹಾಗೆ ತಲೆಗೆ ಕಟ್ಕೊಂಡಿರ್ಬೇಕು. ಶತಾವರಿ ಒಂದಿಷ್ಟು ಜಾಸ್ತಿ ಹಾಕಿದೀನಿ.”

“ಅದ್ಯಾಕೆ?”

“ಅದೇ ಮುಖ್ಯ ಅಲ್ವಾ ಸಾರ್” ಎಂದು ತಲೆತಗ್ಗಿಸಿ ನಕ್ಕ. ವ್ಯಾಪಾರದಲ್ಲಿ ಇಷ್ಟು ಸಂಕೋಚದ ಮನುಷ್ಯ ಈ ಕಾಲದಲ್ಲೂ ಇದ್ದಾನಲ್ಲ ಎಂದು ಮೆಚ್ಚಿಕೊಂಡೆ. ಒಂದು ಚೀಟಿಯ ಮೇಲೆ ಯಾವುದು ಎಷ್ಟು, ಯಾವುದು ಮೊದಲು ಹುರಿಯಬೇಕು ಎಂದೆಲ್ಲ ಬರೆದುಕೊಟ್ಟ. ಅದರಲ್ಲಿ ಹಿಪ್ಪಲಿಯ ಒತ್ತಕ್ಷರ ತಪ್ಪಾಗಿತ್ತು. ತಿದ್ದಿದೆ. ಅದೊಂದು ತಪ್ಪು ಮಾತ್ರ ನನ್ನ ಕಣ್ಣಿಗೆ ಬಿತ್ತು.

ಮಾಡಿದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಒಣಶುಂಠಿ, ಮೆಣಸು, ಹಿಪ್ಪಲಿ, ಜೀರಿಗೆ, ಓಮ, ಗಸಗಸೆ, ಇನ್ನೂ ಹೆಸರು ಕೇಳದ ಎಂಟು ಹತ್ತು ಬೇರುಗಳು. ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯಬೇಕು. ಎಲ್ಲ ಹೋಗುವುದು ಒಂದೇ ಮಿಕ್ಸಿಗೆ ಎಂದಮೇಲೆ ಬೇರೆಬೇರೆ ಯಾಕೆ ಎಂದು ಒಟ್ಟಿಗೆ ಸುರಿದೆ. ಗಸಗಸೆ ಸುಟ್ಟು ಕರಕಾದಾಗ ಶುಂಠಿಗೆ ಇನ್ನೂ ಬಿಸಿಯೇ ತಾಗಿರಲಿಲ್ಲ. ಮತ್ತೆ ಅಂಗಡಿಗೆ ಹೋದೆ. ಎರಡನೆಯ ಸಲ ಬೆಲ್ಲದ ಪಾಕ ಏರಿಹೋಗಿ ಬಾಣಲೆಯಲ್ಲಿದ್ದದ್ದು ಕಲ್ಲಾಯಿತು. ಸಂಜೆ ಮನೆಗೆ ಬಂದ ಸುಧಾ ಒಲೆಯ ಮೇಲೆ ತಲೆಕೆಳಗಾಗಿ ನಿಂತ ಬಾಣಲೆಯನ್ನೂ, ಸುತ್ತಿಗೆ ಹಿಡಿದು ನಿಂತ ನನ್ನನ್ನೂ ನೋಡಿದಳು.

“ರೀ, ಏನಿದು?”

“ಲೇಹ್ಯ.”

“ತಿನ್ನೋದಾ, ಇಲ್ಲಾ ಇದರ ಮೇಲೆ ಶಾಸನ ಕೆತ್ತಿಸ್ತೀರಾ?” ಬ್ಯಾಗು ಕೆಳಗಿಟ್ಟು ಕಿಟಕಿಗಳನ್ನೆಲ್ಲ ತೆರೆದಳು. “ಮೂವತ್ತು ವರ್ಷದಲ್ಲಿ ನೀವು ಒಲೆ ಹಚ್ಚಿದ್ದು ಇದು ಎರಡನೇ ಸಲ. ಮೊದಲನೇ ಸಲ ಬರೀ ಹಾಲು ಉಕ್ಕಿಸಿದ್ರಿ. ಈಗ ಈ ಬಾಣಲೆ ನಿಮಗೇ ಇರ್ಲಿ. ಹೆಸರು ಬರೆಸಿಬಿಡಿ.”

ಮೂರನೆಯ ಸಲ ಹದ ಬಂತು. ಪಾಕ ಎಳೆಯಾಗಿರುವಾಗಲೇ ಪುಡಿ ಬಿದ್ದು, ತುಪ್ಪ ಹೀರಿ, ಲೇಹ್ಯ ಬಾಣಲೆಯ ಅಂಚು ಬಿಟ್ಟು ಒಂದೇ ಮುದ್ದೆಯಾಗಿ ತಿರುಗಿತು. ಬೆರಳದ್ದಿ ನಾಲಗೆಗಿಟ್ಟೆ. ಅದೇ ಖಾರ. ಹೆಸರು ಮರೆತ ಗೆಳೆಯನನ್ನು ಬಸ್ಸಿನಲ್ಲಿ ಕಂಡಂತಾಯಿತು. ಕಣ್ಣಲ್ಲಿ ನೀರು ಬಂತು. ಹಿಪ್ಪಲಿ ಜಾಸ್ತಿಯಾದರೆ ಯಾರ ಕಣ್ಣಲ್ಲಾದರೂ ಬರುತ್ತದೆ, ಆದರೆ ನಾನು ಅದನ್ನು ಅಜ್ಜಿಯ ಲೆಕ್ಕಕ್ಕೆ ಹಾಕಿದೆ.

ಮರುದಿನದಿಂದ ಬೆಂಚಿನ ಮೇಲೆ ಲೇಹ್ಯ ಸೇವೆ ಶುರುವಾಯಿತು. ಸ್ಟೀಲಿನ ಡಬ್ಬ, ನಾಲ್ಕು ಚಮಚ. ಒಬ್ಬೊಬ್ಬರಿಗೆ ನೆಲ್ಲಿಕಾಯಿ ಗಾತ್ರದ್ದು. ವಾರ ಕಳೆಯುವಷ್ಟರಲ್ಲಿ ನಾನು ಹೇಳದ ಗುಣಗಳೂ ಅದಕ್ಕೆ ಬಂದವು. ರುದ್ರೇಶಪ್ಪನವರ ಮಂಡಿನೋವು ಇಳಿಯಿತು. ನಂಜುಂಡಪ್ಪನವರಿಗೆ ಎರಡು ಮುದ್ದೆಯ ಹಸಿವು ಮೂರು ಮುದ್ದೆಗೇರಿತು, ರಾತ್ರಿಗೂ ಬೇಕೆಂದು ಅವರು ಒಂದು ಪುಟ್ಟ ಬಾಟಲಿಗೆ ತುಂಬಿಸಿಕೊಂಡು ಹೋದರು. ಶ್ರೀಪಾದ ರಾಯರು ಮಣಿಕಟ್ಟು ಹಿಡಿದು ನಿದ್ದೆಯ ಅಂಕಿಗಳನ್ನು ತೋರಿಸಿದರು, ನಾವು ಮೂವರೂ ಬಗ್ಗಿ ನೋಡಿ ತೃಪ್ತಿಪಟ್ಟೆವು. “ಏನೇ ಹೇಳಿ, ಹಿಂದಿನವರ ಜ್ಞಾನ ಅಂದ್ರೆ ಜ್ಞಾನ” ಎಂದು ರುದ್ರೇಶಪ್ಪ ಎಂದರೆ, “ನಮ್ಮವ್ವನೂ ಇಂಥದ್ದೇ ಏನೋ ಮಾಡ್ತಿದ್ಳು ಸ್ವಾಮಿ, ನಮ್ಮ ಹಸುಗೂ ಕೊಡ್ತಿದ್ಳು” ಎಂದು ನಂಜುಂಡಪ್ಪ ಸೇರಿಸಿದರು. ನಾನು ಹತ್ತು ನಿಮಿಷ ತಡವಾಗಿ ಹೋದರೂ ನನ್ನ ಜಾಗ ಖಾಲಿಯಿರುತ್ತಿತ್ತು. ಯಾರೋ ಅಪರಿಚಿತರು ಅಲ್ಲಿ ಕೂರಲು ಬಂದಾಗ ನಂಜುಂಡಪ್ಪ, “ಅಲ್ಲಿ ಲೇಹ್ಯದ ಸಾರ್ ಬರ್ತಾರೆ” ಎಂದರಂತೆ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನನಗೆ ಒಂದು ಬಡ್ತಿ ಬಂದಿತ್ತು. ಇದು ಎರಡನೆಯದು.

ಸಂಕ್ರಾಂತಿಯ ದಿನ ಅಕ್ಕ ಎಳ್ಳು ಬೀರಲು ಬಂದಳು. ಎಳ್ಳು, ಕಬ್ಬು, ಸಕ್ಕರೆ ಅಚ್ಚು ಎಲ್ಲ ಸುಧಾಳ ಕೈಗೆ ಕೊಟ್ಟು, ನೀರು ಕುಡಿಯಲೆಂದು ಅಡುಗೆಮನೆಗೆ ಹೋದವಳು ಅಲ್ಲಿಂದಲೇ ಕೂಗಿದಳು.

“ಲೋ ಪ್ರಸನ್ನ, ಯಾರೋ ಬಾಣಂತಿ ನಿಮ್ಮನೇಲಿ?”

ಸೊಸೆ ಹೈದರಾಬಾದಿನಲ್ಲಿ, ಅವಳಿಗೆ ಆ ಯೋಚನೆಯೇ ಇಲ್ಲ. “ಯಾರೂ ಇಲ್ಲ ಅಕ್ಕ, ಯಾಕೆ?” ಎಂದೆ.

ಅಕ್ಕ ಡಬ್ಬ ಹಿಡಿದುಕೊಂಡೇ ಹೊರಗೆ ಬಂದಳು. ಬೆರಳಲ್ಲಿ ತೆಗೆದು ಚಪ್ಪರಿಸಿದಳು. “ಬಾಣಂತಿ ಲೇಹ್ಯ ಕಣೋ ಇದು. ಚಿಕ್ಕಮ್ಮ ಹೆರಿಗೆಗೆ ಬಂದಾಗ ಅಜ್ಜಿ ಮಾಡಿದ್ಳಲ್ಲ, ಅದೇ. ಶತಾವರಿ ಬೇರೆ ಮುಂದಾಗಿದೆ. ಹಾಲು ಚೆನ್ನಾಗಿ ಬರ್ಲಿ ಅಂತ ಹಾಕ್ತಾರೆ. ಯಾರಿಗೆ ಮಾಡಿದೀಯ ಇದನ್ನ?”

ನಾನು ಯಾರಿಗೆ ಮಾಡಿದ್ದೆನೆಂದು ಹೇಳಿದೆ. ಅಕ್ಕ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಆಮೇಲೆ ಸುಧಾಳ ಕಡೆ ತಿರುಗಿ, “ನಿಂಗೂ ಗೊತ್ತಾಗ್ಲಿಲ್ವೇನೇ?” ಎಂದಳು.

“ನಮ್ಮ ದುರ್ಗದ ಕಡೆ ಬಾಣಂತಿಗೆ ಅಂಟಿನುಂಡೆ ಕೊಡ್ತಾರೆ ಅತ್ತಿಗೆ, ಇದನ್ನ ನಾನು ಕಂಡೇ ಇಲ್ಲ” ಎಂದಳು ಸುಧಾ. “ಅಲ್ಲದೆ, ಇವರು ಮಾಡಿದ್ದನ್ನ ನಾನು ಬಾಯಿಗಿಟ್ಟಿದ್ರೆ ತಾನೇ.”

ನಾನು ಕೊನೆಯ ಆಸರೆ ಹಿಡಿದೆ. “ಅದೆಲ್ಲ ಇರ್ಲಿ. ನಾನು ದಿನಾ ಕದ್ದು ತಿಂತಿದ್ನಲ್ಲ, ಆ ರುಚಿ ನೆನಪಿತ್ತು ನೋಡು.”

“ನೀನೆಲ್ಲಿ ತಿಂದೆ? ತಿಂತಿದ್ದೋಳು ನಾನು” ಎಂದಳು ಅಕ್ಕ, ಮಾಮೂಲಾಗಿ. “ತಿಂದು, ಉಳಿದಿದ್ದನ್ನ ನಿನ್ನ ಬಾಯಿಗೆ ಒರೆಸ್ತಿದ್ದೆ. ಅಜ್ಜಿ ನಿನ್ನ ಮೂತಿ ನೋಡಿ ಹೊಡೀತಿದ್ಳು. ನೀನು ಒಂದು ಚಮಚಾನೂ ತಿಂದಿಲ್ಲ ಕಣೋ, ಪಾಪ.”

ಐವತ್ತೈದು ವರ್ಷ ನಾನು ಕಾಪಾಡಿಕೊಂಡು ಬಂದ ಅಜ್ಜಿಯ ವಿದ್ಯೆ, ಚಳಿಗಾಲದ ಆರೋಗ್ಯ, ಕಳ್ಳತನದ ಸಾಹಸ ಇಷ್ಟೂ ಮೇಲ್ದುಟಿಯ ಮೇಲೆ ಯಾರೋ ಒರೆಸಿದ ಕೈ. ಅಕ್ಕನ ನೆನಪೂ ನೂರಕ್ಕೆ ನೂರು ಸರಿಯೆಂದು ನಾನು ಒಪ್ಪುವುದಿಲ್ಲ. ಅವಳೂ ಎಪ್ಪತ್ತರ ಹತ್ತಿರ ಇದ್ದಾಳೆ, ಕಥೆಯಲ್ಲಿ ತನಗೇ ಒಳ್ಳೆಯ ಪಾತ್ರ ಇಟ್ಟುಕೊಂಡಿದ್ದಾಳೆ. ಆದರೆ ಡಬ್ಬದಲ್ಲಿದ್ದದ್ದರ ಬಗ್ಗೆ ಅನುಮಾನಕ್ಕೆ ಜಾಗವಿರಲಿಲ್ಲ. ಗ್ರಂದಿಗೆ ಅಂಗಡಿಯವನ ತಗ್ಗಿಸಿದ ತಲೆ ಈಗ ಅರ್ಥವಾಯಿತು. ಅವನ ಮಟ್ಟಿಗೆ ನಾನು ಹೆತ್ತು ಆರು ತಿಂಗಳಾದ ಹೆಣ್ಣುಮಗಳಿಗೆ ಒಂದು ಚಮಚ ಲೇಹ್ಯ ಕೊಡದ ಕಟುಕ ಮಾವ.

ಹೇಳಿಬಿಡಬೇಕೆಂದು ಮರುದಿನ ಬೆಳಗ್ಗೆ ಹೊರಟೆ. ಕೆರೆಗೆ ಹೋಗುವ ದಾರಿ ಚಿಕ್ಕದು, ಆದರೆ ಅಷ್ಟರಲ್ಲಿ ನಾನು ಸಾಕಷ್ಟು ಕಾರಣಗಳನ್ನು ಹುಡುಕಿಕೊಂಡಿದ್ದೆ. ರುದ್ರೇಶಪ್ಪನವರ ಮಂಡಿ ಈಗಷ್ಟೇ ಸುಧಾರಿಸುತ್ತಿದೆ, ಸತ್ಯ ಕೇಳಿದರೆ ಮತ್ತೆ ಹಿಡಿದುಕೊಂಡೀತು. ಶ್ರೀಪಾದ ರಾಯರ ನಾಡಿಬಡಿತ ಏರಬಹುದು, ಅದು ಗಡಿಯಾರದಲ್ಲಿ ದಾಖಲಾಗಬಹುದು. ಇನ್ನೊಬ್ಬರ ಆರೋಗ್ಯದ ಮೇಲೆ ನನಗಿರುವ ಈ ಕಾಳಜಿಯನ್ನು ಕಂಡು ನನಗೇ ನನ್ನ ಮೇಲೆ ಗೌರವ ಹುಟ್ಟಿತು. ಬೆಂಚಿನ ಹತ್ತಿರ ಹೋದಾಗ ಮೂವರೂ ಸರಿದು ಕೂತಿದ್ದರು, ನಡುವೆ ನನ್ನಗಲದ ಕಲ್ಲು ಕಾಣುತ್ತಿತ್ತು. ಹೇಳಲಿಲ್ಲ. ಡಬ್ಬ ತೆಗೆದೆ. ಅದರ ಮರುದಿನವೂ ಹೇಳಲಿಲ್ಲ. ಸುಧಾ ದಿನಾ ಬೆಳಗ್ಗೆ, “ಹೇಳ್ತೀರಾ ಇವತ್ತು?” ಎನ್ನುವಳು, ಸಂಜೆ “ಹೇಳಿದ್ರಾ?” ಎನ್ನುವಳು. ಮೂರನೆಯ ದಿನದಿಂದ ಅದನ್ನೂ ಬಿಟ್ಟು ಬರೀ ಹುಬ್ಬೇರಿಸತೊಡಗಿದಳು.

ಆ ದಿನಗಳಲ್ಲಿ ಬೆಂಚಿನ ಮೇಲೆ ಕೂತು ಒಂದು ಲೆಕ್ಕ ಹಾಕುತ್ತಿದ್ದೆ. ನಂಜುಂಡಪ್ಪನವರಿಗೆ ನಾಲ್ಕು ಮಕ್ಕಳು, ರುದ್ರೇಶಪ್ಪನವರಿಗೆ ಮೂರು, ಶ್ರೀಪಾದ ರಾಯರಿಗೆ ಎರಡು, ನನಗೊಬ್ಬ. ಒಟ್ಟು ಹತ್ತು ಬಾಣಂತನಗಳ ಅನುಭವವಿದ್ದ ಬೆಂಚು ಅದು. ಹತ್ತು ಸಲ ನಮ್ಮ ಮನೆಗಳಲ್ಲಿ, ಇಲ್ಲವೇ ಹೆಂಡತಿಯರ ತವರಿನಲ್ಲಿ, ಬಾಗಿಲು ಮುಂದೆಮಾಡಿದ ಕೋಣೆಯೊಳಗೆ ಏನನ್ನೋ ತಿನ್ನಿಸಿದ್ದಾರೆ. ಏನೆಂದು ನಾವು ನಾಲ್ವರಲ್ಲಿ ಒಬ್ಬರೂ ಕೇಳಿಲ್ಲ. ಮಗುವಿನ ಮೂಗು ಯಾರದು ಎಂದು ನೋಡಿ, ಹೊರಗೆ ಬಂದು ಪೇಪರ್ ಓದಿದ್ದೇವೆ. ಈಗ ಅರವತ್ತು ದಾಟಿದ ಮೇಲೆ, ಅದನ್ನೇ ನೆಕ್ಕುತ್ತ ಹಿಂದಿನವರ ಜ್ಞಾನವನ್ನು ಹೊಗಳುತ್ತಿದ್ದೇವೆ. ಈ ಲೆಕ್ಕದಲ್ಲಿ ನಾನು ಉಳಿದ ಮೂವರಿಗಿಂತ ಒಂದು ಮೆಟ್ಟಿಲು ಮೇಲಿದ್ದೇನೆ, ಯಾಕೆಂದರೆ ನನಗೆ ಗೊತ್ತಿದೆ, ಎಂದುಕೊಳ್ಳುತ್ತಿದ್ದೆ.

ಎಂಟನೆಯ ದಿನ ನಂಜುಂಡಪ್ಪನವರ ಹೆಂಡತಿ ಗೌರಮ್ಮ ಬಂದರು. ಜರಿಯಂಚಿನ ಸೀರೆ, ಮೇಲೊಂದು ಸ್ವೆಟರ್, ಕಾಲಿಗೆ ಓಟದ ಶೂ, ಕೈಯಲ್ಲಿ ಒಂದು ಪುಟ್ಟ ಬಾಟಲಿ. ಬೆಂಚಿನ ಮೇಲೆ ಸಾಲಾಗಿ ಕೂತು ಚಮಚ ನೆಕ್ಕುತ್ತಿದ್ದವರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

“ಇದನ್ನ ಮಾಡಿದ್ದು ಯಾರಪ್ಪ?” ಎಂದು ಬಾಟಲಿ ಎತ್ತಿ ಹಿಡಿದರು. “ಇವರು ಟಿವಿ ಹಿಂದೆ ಬಚ್ಚಿಟ್ಟಿದ್ರು.”

ಮೂವರೂ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು. “ನಮ್ಮ ಸಾರ್ ಅವರೇ. ಅವರಜ್ಜಿ ಹೇಳಿಕೊಟ್ಟಿದ್ದು” ಎಂದರು ರುದ್ರೇಶಪ್ಪ.

“ಹದ ಚೆನ್ನಾಗಿದೆ ಸಾರ್” ಎಂದರು ಗೌರಮ್ಮ. “ಅಲ್ಲ, ಕಿವಿಗೆ ಹತ್ತಿ ಇಟ್ಕೊಂಡು, ತಲೆ ಮುಚ್ಕೊಂಡು, ನಾಲ್ಕು ಜನ ಗಂಡಸ್ರು ಸಾಲಾಗಿ ಕೂತು ಬಾಣಂತಿ ಲೇಹ್ಯ ತಿಂತಿದೀರಲ್ಲ. ತೊಟ್ಟಿಲೊಂದು ಕಟ್ಟೋದು ಬಾಕಿ. ಆ ಹೊಂಗೆ ಕೊಂಬೆಗೇ ಕಟ್ಟಿಸ್ಲಾ?”

ಕೆರೆಯ ಕಡೆಯಿಂದ ಒಂದು ಕೊಕ್ಕರೆ ಎದ್ದುಹೋಯಿತು. ಅದೂ ಕೇಳಿಸಿಕೊಂಡಿರಬೇಕು. ರುದ್ರೇಶಪ್ಪನವರ ಚಮಚ ಬಾಯಿಯಲ್ಲೇ ನಿಂತಿತ್ತು. ನಂಜುಂಡಪ್ಪ ನಿಧಾನವಾಗಿ ಕೇಳಿದರು, “ನಾಲ್ಕು ಹೆರಿಗೇಲೂ ನೀನು ಇದನ್ನೇನಾ ತಿಂದಿದ್ದು?”

“ಮತ್ತೆ? ನೀವು ಹೊರಗೆ ಬಾಡೂಟ ಹೊಡೀತಿದ್ರಿ, ನಾನು ಒಳಗೆ ಇದನ್ನ ತಿಂತಿದ್ದೆ.”

“ಹಾಗಾದ್ರೆ ನನ್ನ ಮಂಡಿ?” ಎಂದರು ರುದ್ರೇಶಪ್ಪ.

“ಹತ್ತು ಹೆತ್ತರೂ ಅಲ್ಲಾಡಲ್ಲ ಬಿಡಿ ಅಣ್ಣ, ಇನ್ನು ಆ ಮಂಡಿ.”

ಆಗ ಶ್ರೀಪಾದ ರಾಯರು ನನ್ನ ಕಡೆ ತಿರುಗಿದರು. ಮಣಿಕಟ್ಟು ಮುಂದೆ ಬರಲಿಲ್ಲ, ಬಂದದ್ದು ಮಾತು. “ನಿಮಗೆ ಗೊತ್ತಿತ್ತಾ ಸಾರ್?”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ದಡ್ಡನಾಗಿ ಉಳಿಯುತ್ತಿದ್ದೆ, ದಡ್ಡರಿಗೆ ಯಾವ ಬೆಂಚಿನಲ್ಲೂ ಜಾಗವಿರುತ್ತದೆ. ಆದರೆ ವಿರಳವಾಗಿ ಮಾತಾಡುವವರ ಎದುರು ಸುಳ್ಳು ಹೇಳುವುದು ಕಷ್ಟ. ಅವರು ಪ್ರತಿಯೊಂದು ಶಬ್ದವನ್ನೂ ಗಮನವಿಟ್ಟು ಕೇಳುತ್ತಾರೆ. “ಮೊದಲು ಗೊತ್ತಿರಲಿಲ್ಲ. ಸಂಕ್ರಾಂತಿ ದಿನ ಅಕ್ಕ ಬಂದು ಹೇಳಿದಳು. ಎಂಟು ದಿನದಿಂದ ಗೊತ್ತಿದೆ” ಎಂದೆ.

“ಎಂಟು ದಿನ ಗೊತ್ತಿದ್ದೂ ನಮಗೆ ತಿನ್ನಿಸಿದ್ರಾ?” ಎಂದರು ರುದ್ರೇಶಪ್ಪ. ಸ್ವರದಲ್ಲಿ ಜವಳಿ ಅಂಗಡಿಯ ಮಾಲೀಕ ಬಂದಿದ್ದ. “ನಾವು ದಿನಾ ಮನೆಗೆ ಹೋಗಿ ಹೊಗಳ್ತಿದ್ವಲ್ಲ ಸಾರ್. ಬೀಗರ ಮುಂದೆ ಹೊಗಳಿದೀನಿ ನಾನು.”

ನಾನು ಎದ್ದು ನಿಂತೆ. ಹೊರಡುವುದೋ ನಿಂತು ಬೈಸಿಕೊಳ್ಳುವುದೋ ತಿಳಿಯಲಿಲ್ಲ. ಮತ್ತೆ ಮೊದಲಿನ ಹಾಗೆ ಮೂವರ ಮುಂದೆ ನಿಂತಿದ್ದೆ. ಈ ಸಲ ಮನೆ ಕೇಳಲು ಬಂದವನಾಗಿ ಅಲ್ಲ, ಖಾಲಿ ಮಾಡಿಸಿಕೊಂಡವನಾಗಿ. ನಂಜುಂಡಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಾಡಿಗೆದಾರರನ್ನು ಅಳೆದು ಪಳಗಿದ ಕಣ್ಣು.

“ಒಂದು ಕೇಳ್ತೀನಿ, ನೆಟ್ಟಗೆ ಹೇಳಿ. ಆ ಎಂಟು ದಿನ ನೀವೂ ತಿಂದ್ರಾ?”

“ತಿಂದೆ” ಎಂದೆ.

“ಗೊತ್ತಿದ್ದೂ?”

“ಗೊತ್ತಿದ್ದೂ.”

“ಹಂಗಾದ್ರೆ ಬಿಡ್ರಪ್ಪ. ನಾವು ಗೊತ್ತಿಲ್ದೆ ತಿಂದೋರು, ಇವರು ಗೊತ್ತಿದ್ದೂ ತಿಂದೋರು. ನಮಗಿಂತ ಇವರದ್ದೇ ಗಟ್ಟಿ ಗುಂಡಿಗೆ” ಎಂದು ಸರಿದರು. ರುದ್ರೇಶಪ್ಪ ಒಂದಿಷ್ಟು ಗೊಣಗಿ ಸರಿದರು. ಶ್ರೀಪಾದ ರಾಯರು ಅಂಚಿಗೆ ಹೋದರು. ಗೌರಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತ, ಮಗಳಿಗೆ ಯುಗಾದಿ ಹೊತ್ತಿಗೆ ದಿನ ತುಂಬುತ್ತದೆ, ಆಗ ಒಂದು ಡಬ್ಬ ಮಾಡಿಕೊಡಿ, ಶುಂಠಿ ಮಾತ್ರ ಸ್ವಲ್ಪ ಹಿಡಿದು ಹಾಕಿ ಎಂದು ಹೇಳಿ ಹೋದರು. ನಾನು ಕೂತೆ. ಈಗಲೂ ದಿನಾ ಅಲ್ಲೇ ಕೂರುತ್ತಿದ್ದೇನೆ.

ಆದರೆ ಆ ಎಂಟು ದಿನ ನಾನು ಲೇಹ್ಯ ತಿಂದಿರಲಿಲ್ಲ. ಮೂವರಿಗೂ ಕೊಟ್ಟು, “ನಾನು ಮನೇಲೇ ತಿಂದು ಬಂದೆ” ಎಂದು ಬರಿಯ ಚಮಚ ಹಿಡಿದು ಕೂರುತ್ತಿದ್ದೆ. ಆರೋಗ್ಯದ ಕಾರಣ ಯಾವುದೂ ಇರಲಿಲ್ಲ. ಹೆಂಗಸರ ಲೇಹ್ಯ ಎಂದು ತಿಳಿದ ಮೇಲೆ ಅದು ಗಂಟಲಲ್ಲಿ ಇಳಿಯಲಿಲ್ಲ, ಅಷ್ಟೇ. ಹತ್ತು ಬಾಣಂತನಗಳ ಲೆಕ್ಕ ಹಾಕಿ ಉಳಿದ ಮೂವರ ಅಜ್ಞಾನಕ್ಕೆ ನಗುತ್ತಿದ್ದವನು ನಾನೇ. ಇದನ್ನು ಬೆಂಚಿನ ಮೇಲೆ ಹೇಳಿಲ್ಲ, ಹೇಳುವ ಇರಾದೆಯೂ ಇಲ್ಲ. ಹೇಳುವ ಅಗತ್ಯವೂ ಬರಲಾರದು ಎಂದು ಕಾಣುತ್ತದೆ. ಏಕೆಂದರೆ ಈ ಪ್ರಬಂಧವನ್ನು ಮೂರನೆಯ ಸಲ ತಿದ್ದುತ್ತಿರುವಾಗ, ಕಡೆಯ ದಿನ ಒಂದು ಚಮಚ ತಿಂದಿದ್ದೆನೇನೋ, ಖಾರ ಸ್ವಲ್ಪ ಹೆಚ್ಚಾಗಿತ್ತೇನೋ ಎಂದು ಅನ್ನಿಸತೊಡಗಿದೆ. ಇನ್ನೊಂದು ವಾರ ಬಿಟ್ಟು ಓದಿದರೆ ಎಂಟೂ ದಿನ ತಿಂದದ್ದು ಸ್ಪಷ್ಟವಾಗಿ ನೆನಪಿಗೆ ಬರುತ್ತದೆ.